ಓಟು ಕಳೆಯುವುದು ಪೆಟ್ಟಿಗೆಯಲ್ಲಲ್ಲ, ಪಟ್ಟಿಯಲ್ಲಿ

2018ರ ಮೇ 12, ವಿಧಾನಸಭೆಯ ಚುನಾವಣೆಯ ದಿನ. ಆಗ ನಾನಿನ್ನೂ ಶಾಲೆಯ ಮೇಷ್ಟ್ರಾಗಿದ್ದೆ. ಮತದಾರರ ಪಟ್ಟಿಯನ್ನು ಮುಂದಿಟ್ಟುಕೊಂಡು, ಬಂದವರ ಹೆಸರು ಹುಡುಕಿ ಗೆರೆ ಎಳೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಅಕ್ಕಿ ಗಿರಣಿಯಲ್ಲಿ ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬಳು ನೇರ ಗಿರಣಿಯಿಂದಲೇ ಬಂದು ನನ್ನ ಮೇಜಿನ ಮುಂದೆ ನಿಂತಳು. ತಲೆಗೂದಲ ಮೇಲೆ ತೌಡಿನ ಧೂಳು ಹಾಗೆಯೇ ಇತ್ತು. ಕೈಯಲ್ಲಿ ಗುರುತಿನ ಚೀಟಿ. ಪಟ್ಟಿಯಲ್ಲಿ ಅವಳ ಹೆಸರೂ ಇತ್ತು, ಭಾವಚಿತ್ರವೂ ಇತ್ತು. ಆದರೆ ಅದರ ಮೇಲೆ ಅಡ್ಡಲಾಗಿ 'ತೆಗೆದುಹಾಕಲಾಗಿದೆ' ಎಂಬ ಮುದ್ರೆ ಬಿದ್ದಿತ್ತು.

"ನಿಮ್ಮ ಹೆಸರು ತೆಗೆದಿದ್ದಾರಮ್ಮ, ಓಟು ಹಾಕಲಿಕ್ಕೆ ಬರುವುದಿಲ್ಲ" ಎಂದೆ.

"ಹೋದ ಸಲ ಇದೇ ಸಾಲ್ಯಾಗ ಹಾಕೇನ್ರಿ ಮೇಷ್ಟ್ರೇ. ಕಾರ್ಡು ಐತಲ್ರಿ" ಎಂದಳು.

ಕಾರ್ಡು ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು ಎಂದು ನಿಯಮ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ ಕೇಳಿದಳು: "ತೆಗೆದೋರು ಯಾರ್ರಿ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ನನ್ನ ಬಳಿ ಉತ್ತರವಿರಲಿಲ್ಲ. ಎದುರಿಗೆ ಬೆಂಚಿನ ಮೇಲೆ ಎಲ್ಲ ಪಕ್ಷಗಳ ಏಜೆಂಟರೂ ಕುಳಿತಿದ್ದರು. ಒಬ್ಬರೂ ಬಾಯಿ ತೆರೆಯಲಿಲ್ಲ. ಅವಳು ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಳೆಂಬುದು ಆಮೇಲೆ ತಿಳಿಯಿತು. ಅಂದು ಅವಳನ್ನು ಹಿಂದಕ್ಕೆ ಕಳುಹಿಸಿದ ಕೈ ನನ್ನದೇ. ಆದ್ದರಿಂದ ಈ ಲೇಖನವನ್ನು ಬರೆಯುವ ಋಣವೂ ನನ್ನದೇ.

ಚುನಾವಣಾ ಸುಧಾರಣೆ ಎಂದೊಡನೆ ಪತ್ರಿಕೆಗಳಲ್ಲಿ, ವಿಧಾನಸಭೆಯಲ್ಲಿ, ಚಹದಂಗಡಿಯ ಬೆಂಚಿನ ಮೇಲೆ ನಡೆಯುವ ಮಾತೆಲ್ಲ ಯಂತ್ರದ್ದೇ. ಯಂತ್ರದ ಮೇಲೆ ಕಣ್ಣಿಡಬೇಕು, ನಿಜ. ಒಂದೊಂದು ವಿಧಾನಸಭಾ ಕ್ಷೇತ್ರಕ್ಕೆ ಐದೇ ಮತಗಟ್ಟೆಗಳ ಕಾಗದದ ಚೀಟಿಗಳನ್ನು ಎಣಿಸಿ ತಾಳೆ ನೋಡುವ ಈಗಿನ ಪದ್ಧತಿ ಸಾಲದು ಎಂಬುದು ನನ್ನ ಮತವೂ ಹೌದು. ಆದರೆ ಯಂತ್ರದ ಮುಂದೆ ಹೋಗಿ ನಿಲ್ಲುವ ಮೊದಲೇ ಓಟು ಕಳೆದುಕೊಂಡವನಿಗೆ ಯಂತ್ರ ಸರಿಯಿದ್ದರೇನು, ಕೆಟ್ಟಿದ್ದರೇನು? ದುಡಿಯುವ ಜನರ ಓಟು ಕಳೆಯುವ ಜಾಗಗಳು ಬೇರೆ. ಒಂದು, ಮತದಾರರ ಪಟ್ಟಿ. ಇನ್ನೊಂದು, ಆ ದಿನದ ಕೂಲಿ.

ಇದು ಇಂದಿನ ರೋಗವಲ್ಲ. 1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ನಡೆದ ಮೊದಲನೆಯ ಮಹಾಚುನಾವಣೆಯನ್ನು ನೆನೆಯಿರಿ. ಹದಿನೇಳು ಕೋಟಿಗೂ ಮೀರಿದ ಮತದಾರರು. ಅವರಲ್ಲಿ ಬಹುಪಾಲು ಜನಕ್ಕೆ ಓದುಬರಹವಿಲ್ಲ. ಮೊದಲನೆಯ ಮುಖ್ಯ ಚುನಾವಣಾ ಕಮಿಷನರಾದ ಸುಕುಮಾರ ಸೇನ್ ಅವರು ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಡಿಸಿ, ಅದರ ಮೇಲೆ ಚಿಹ್ನೆ ಅಂಟಿಸಿ, ಅಕ್ಷರ ಬಾರದವನೂ ತನಗೆ ಬೇಕಾದವನಿಗೇ ಓಟು ಹಾಕುವಂತೆ ಮಾಡಿದರು. ಜಗತ್ತು ಬೆರಗಾಯಿತು. ಪೆಟ್ಟಿಗೆಯ ಸಮಸ್ಯೆ ಹೀಗೆ ಬಗೆಹರಿಯಿತು. ಪಟ್ಟಿಯ ಸಮಸ್ಯೆ ಬಗೆಹರಿಯಲಿಲ್ಲ. ಉತ್ತರದ ರಾಜ್ಯಗಳಲ್ಲಿ ಪಟ್ಟಿ ಬರೆಯಲು ಬಂದವರಿಗೆ ತಮ್ಮ ಹೆಸರು ಹೇಳದೆ "ಇಂಥವರ ಹೆಂಡತಿ", "ಇಂಥವರ ಮಗಳು" ಎಂದಷ್ಟೇ ಹೇಳಿದ ಹೆಂಗಸರು ಬಹಳ ಮಂದಿ. ಅಂಥ ಸುಮಾರು 28 ಲಕ್ಷ ಹೆಸರುಗಳನ್ನು ಪಟ್ಟಿಯಿಂದ ಬಿಡಬೇಕಾಯಿತು. ಹೆಂಗಸಿಗೂ ಅವಳದೇ ಹೆಸರಿದೆ, ಆ ಹೆಸರಿನಲ್ಲೇ ಓಟು ಎಂಬ ಸೇನ್ ಅವರ ಹಟ ಸರಿಯಾದುದೇ. ಆದರೆ 28 ಲಕ್ಷ ಓಟುಗಳು ಪೆಟ್ಟಿಗೆಯ ಹತ್ತಿರಕ್ಕೂ ಬರಲಿಲ್ಲವೆಂಬುದು ಅಷ್ಟೇ ಸತ್ಯ.

ಆಮೇಲೆ ಪೆಟ್ಟಿಗೆ ಮಾತ್ರ ಸುಧಾರಿಸುತ್ತಲೇ ಬಂದಿತು. 1962ರ ಹೊತ್ತಿಗೆ ಒಂದೇ ಮತಪತ್ರದಲ್ಲಿ ಎಲ್ಲರ ಚಿಹ್ನೆ ಅಚ್ಚು ಹಾಕಿ ಮುದ್ರೆ ಒತ್ತುವ ಪದ್ಧತಿ ಬಂತು. ಅದೇ ಚುನಾವಣೆಯಿಂದ ನಮ್ಮ ಮೈಸೂರಿನ ಕಾರ್ಖಾನೆಯ ಅಳಿಸಲಾಗದ ಶಾಯಿ ಇಡೀ ದೇಶದ ಬೆರಳಿಗೆ ಹತ್ತಿತು. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲ ಸಲ ಯಂತ್ರ ಬಂತು. 2004ಕ್ಕೆ ದೇಶವೆಲ್ಲ ಯಂತ್ರವಾಯಿತು. 2019ಕ್ಕೆ ಎಲ್ಲ ಮತಗಟ್ಟೆಗಳಲ್ಲೂ ಯಂತ್ರದ ಪಕ್ಕದಲ್ಲಿ ಕಾಗದದ ಚೀಟಿ ತೋರಿಸುವ ಪೆಟ್ಟಿಗೆ ಬಂತು. ಪಟ್ಟಿ? ಅದು ಮೇಷ್ಟ್ರ ಕಂಕುಳಲ್ಲಿ, ಅಂಗನವಾಡಿ ಕಾರ್ಯಕರ್ತೆಯ ಚೀಲದಲ್ಲಿ ಮನೆಯಿಂದ ಮನೆಗೆ ಅಲೆಯುತ್ತಲೇ ಇದೆ.

ಗಿರಣಿಯ ಕೆಲಸಗಾರನ ಹೆಸರು ಹೇಗೆ ಹೋಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ನಮ್ಮಲ್ಲಿ ಬಹಳ ಜನ ಇದರ ಹಿಂದೆ ಯಾರದೋ ಸಂಚು ಇದೆಯೆಂದೇ ನಂಬಿದ್ದಾರೆ. ಸಂಚು ಕೆಲವು ಕಡೆ ಇರುತ್ತದೆ, ಅದನ್ನೂ ಹೇಳುತ್ತೇನೆ. ಆದರೆ ಹೆಚ್ಚು ಕಡೆ ಸಂಚೂ ಬೇಕಾಗಿಲ್ಲ, ಬಾಡಿಗೆ ಮನೆ ಸಾಕು. ನಮ್ಮವರು ವಠಾರದ ಒಂದು ಕೋಣೆಯಲ್ಲಿರುತ್ತಾರೆ. ಬಾಡಿಗೆ ಏರಿತೆಂದು, ಗಿರಣಿ ಬದಲಾಯಿತೆಂದು, ಮಗುವಿನ ಶಾಲೆ ದೂರವೆಂದು ಎರಡು ವರ್ಷಕ್ಕೊಮ್ಮೆ ಕೋಣೆ ಬದಲಿಸುತ್ತಾರೆ. ಮತಗಟ್ಟೆಯ ಅಧಿಕಾರಿ ಹಳೆಯ ಕೋಣೆಗೆ ಹೋದಾಗ ಬೀಗ, ಇಲ್ಲವೇ ಹೊಸ ಬಾಡಿಗೆದಾರ. "ಅವರು ಹೋಗಿ ಬಹಳ ದಿನವಾಯಿತು" ಎನ್ನುತ್ತಾನೆ. ಪಟ್ಟಿಯಲ್ಲಿ 'ಸ್ಥಳಾಂತರ' ಎಂದು ಬೀಳುತ್ತದೆ. ನೋಟೀಸು ಹೊರಡುತ್ತದೆ, ಹಳೆಯ ವಿಳಾಸಕ್ಕೇ! ಇವನು ಎಲ್ಲಿಲ್ಲವೆಂದು ಅಧಿಕಾರಿಗೆ ಗೊತ್ತೋ ಅದೇ ಬಾಗಿಲಿಗೆ, "ನೀನು ಇಲ್ಲಿದ್ದೀಯಾ?" ಎಂದು ಕೇಳುವ ಕಾಗದ ಹೋಗಿ ಅಂಟಿಕೊಳ್ಳುತ್ತದೆ. ಉತ್ತರ ಬರುವುದಿಲ್ಲ. ಹೆಸರು ಹೋಗುತ್ತದೆ.

ಆ ಅಧಿಕಾರಿಯನ್ನು ನಾನು ದೂರುವುದಿಲ್ಲ. ಅವನು ನನ್ನ ಹಳೆಯ ಜಾತಿಯವನೇ, ಎಂದರೆ ಮೇಷ್ಟ್ರು. ಬೆಳಿಗ್ಗೆ ಪಾಠ, ಮಧ್ಯಾಹ್ನ ಬಿಸಿಯೂಟದ ಲೆಕ್ಕ, ಸಂಜೆ ಸಾವಿರ ಮತದಾರರ ಮನೆ ಬಾಗಿಲು. ಗಿರಣಿಯವರು ಮನೆಯಲ್ಲಿ ಸಿಗುವುದು ರಾತ್ರಿ ಒಂಬತ್ತರ ಮೇಲೆ. ಅಷ್ಟು ಹೊತ್ತಿಗೆ ಯಾವ ಮೇಷ್ಟ್ರು ವಠಾರ ಸುತ್ತಬಲ್ಲ? ಅಷ್ಟೇ ಏಕೆ, ಸತ್ತವರ ಹೆಸರು, ಎರಡೆರಡು ಕಡೆ ಇರುವ ಹೆಸರು ತೆಗೆಯಲೇಬೇಕಾದುದು. ಅವು ಉಳಿದರೆ ಕಳ್ಳ ಓಟಿಗೆ ದಾರಿ. ಪ್ರಶ್ನೆ ತೆಗೆಯಬೇಕೋ ಬೇಡವೋ ಎಂಬುದಲ್ಲ. ಬದುಕಿರುವವನನ್ನು ತೆಗೆಯುವಾಗ ಅವನನ್ನು ಕೇಳಿ ತೆಗೆಯಬೇಕೋ ಬೇಡವೋ?

ಕಾನೂನು ಕೇಳಬೇಕೆಂದೇ ಹೇಳುತ್ತದೆ. 1950ರ ಪ್ರಜಾಪ್ರತಿನಿಧಿತ್ವ ಕಾಯಿದೆಯ 22ನೆಯ ಕಲಂ ಪ್ರಕಾರ, ಒಬ್ಬನು ಕ್ಷೇತ್ರದಲ್ಲಿ ವಾಸವಿಲ್ಲವೆಂದು ಹೆಸರು ತೆಗೆಯುವ ಮುಂಚೆ ಅವನ ಮಾತು ಹೇಳಿಕೊಳ್ಳಲು ನ್ಯಾಯವಾದ ಅವಕಾಶ ಕೊಡಲೇಬೇಕು. 1995ರಲ್ಲಿ ಲಾಲ್ ಬಾಬು ಹುಸೇನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಒಮ್ಮೆ ಪಟ್ಟಿಯಲ್ಲಿ ಸೇರಿದವರನ್ನು ಸರಿಯಾದ ವಿಚಾರಣೆಯಿಲ್ಲದೆ ತೆಗೆಯುವಂತಿಲ್ಲವೆಂದು ಹೇಳಿತು. ಹಾಗಾದರೆ ಆ ಹೆಣ್ಣುಮಗಳು 2018ರಲ್ಲಿ ನನ್ನೆದುರು ಕೇಳಿದ್ದು ಕರುಣೆಯನ್ನಲ್ಲ, ಕಾಯಿದೆಯನ್ನೇ ಕೇಳಿದಳು. ಕಾಯಿದೆ ಗೊತ್ತಿಲ್ಲದೆ ಕೇಳಿದಳು. ಗೊತ್ತಿರಬೇಕಾದ ನಾನು ಬಾಯಿ ಮುಚ್ಚಿ ಕುಳಿತಿದ್ದೆ.

ಇನ್ನು ಸಂಚಿನ ಮಾತು. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುಂಚೆ, ಹೆಸರು ತೆಗೆಯಿರಿ ಎಂದು 6,018 ಅರ್ಜಿಗಳು ಗಣಕಯಂತ್ರದ ಮೂಲಕ ಬಂದವು. ಅಧಿಕಾರಿಗಳು ಒಂದೊಂದನ್ನೂ ಪರಿಶೀಲಿಸಿದಾಗ ಸರಿಯಿದ್ದವು ಇಪ್ಪತ್ತನಾಲ್ಕು ಮಾತ್ರ! ಪೊಲೀಸರಲ್ಲಿ ದೂರು ದಾಖಲಾಯಿತು. ಅಲ್ಲಿ ಪರಿಶೀಲನೆ ನಡೆದುದರಿಂದ ಹೆಸರುಗಳು ಉಳಿದವು. ನಡೆಯದಿದ್ದರೆ? ಕುಳಿತಲ್ಲಿಂದ ಬೆರಳು ಒತ್ತಿ ಇನ್ನೊಬ್ಬನ ಓಟು ಅಳಿಸಲು ಅರ್ಜಿ ಹಾಕಬಹುದಾದರೆ, ಆ ಅರ್ಜಿ ಬಂದೊಡನೆ ಹೆಸರಿನವನ ಕೈಗೇ ಸುದ್ದಿ ಮುಟ್ಟಬೇಕು ಎಂಬುದು ದೊಡ್ಡ ಬೇಡಿಕೆಯೇನಲ್ಲ. ಬ್ಯಾಂಕಿನಿಂದ ನೂರು ರೂಪಾಯಿ ಹೋದರೆ ಫೋನಿಗೆ ಸಂದೇಶ ಬರುತ್ತದೆ. ಓಟು ಹೋದರೆ ಬರಬಾರದೇಕೆ?

2025ರಲ್ಲಿ ಬಿಹಾರದಲ್ಲಿ ವಿಶೇಷ ಪರಿಷ್ಕರಣೆ ನಡೆದಾಗ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು. ಯಾರ ಹೆಸರು, ಏಕೆ ಹೋಯಿತು ಎಂಬುದು ಮೊದಲು ಹೊರಗೆ ಬರಲಿಲ್ಲ. ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿದ ಮೇಲೆ ಅಷ್ಟೂ ಹೆಸರುಗಳು ಕಾರಣಸಹಿತ ಪ್ರಕಟವಾದವು. ಹೊರಗುಳಿದವರೆಲ್ಲ ಅನ್ಯಾಯಕ್ಕೊಳಗಾದವರೆಂದು ನಾನು ಹೇಳುತ್ತಿಲ್ಲ. ಆದರೆ 65 ಲಕ್ಷ ಹೆಸರನ್ನು ಕಾರಣದೊಡನೆ ಕೆಲವೇ ದಿನಗಳಲ್ಲಿ ಪ್ರಕಟಿಸಬಹುದಾದರೆ, ನಮ್ಮ ಒಂದು ವಾರ್ಡಿನ ನೂರಿನ್ನೂರು ಹೆಸರನ್ನು ಶಾಲೆಯ ಗೋಡೆಗೆ ಅಂಟಿಸಲು ಏನು ಕಷ್ಟ? ಹಳ್ಳಿಗಳಲ್ಲಿ ಗ್ರಾಮಸಭೆಯ ಮುಂದೆ ಪಟ್ಟಿ ಓದಿ ಹೇಳುವ ಪದ್ಧತಿ ಉಂಟು. ಪಟ್ಟಣದ ಕೂಲಿಗೇರಿಗೆ ಆ ಭಾಗ್ಯವೂ ಇಲ್ಲ. ಗಿರಣಿಯ ಗೇಟಿನಲ್ಲಿ, ಸಂತೆಯ ಮೈದಾನದಲ್ಲಿ, ವಠಾರದ ನಲ್ಲಿಯ ಹತ್ತಿರ, ಜನ ಸೇರುವ ಕಡೆ ತೆಗೆಯುವ ಹೆಸರುಗಳನ್ನು ಗಟ್ಟಿಯಾಗಿ ಓದಲಿ. "ಅವನು ಇದ್ದಾನ್ರೀ, ಹಿಂದಿನ ಬೀದಿಗೆ ಹೋಗ್ಯಾನ" ಎಂದು ಹೇಳಲು ನಾಲ್ಕು ಜನ ಅಲ್ಲಿಯೇ ಇರುತ್ತಾರೆ.

ಇಲ್ಲೊಂದು ತಪ್ಪು ನಮ್ಮದೂ ಇದೆ. ಓಟಿಗೆ ಎರಡು ದಿನ ಮುಂಚೆ ಪಕ್ಷದ ಕಚೇರಿಗೆ ಬಂದು "ಹೆಸರಿಲ್ಲ, ಸೇರಿಸಿ ಕೊಡಿ" ಎನ್ನುತ್ತಾರೆ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆಗೆ ಒಂದು ಹೆಸರನ್ನೂ ಸೇರಿಸುವಂತಿಲ್ಲ. ಮಂತ್ರಿ ಹೇಳಿದರೂ ಆಗದು. ಮನೆ ಬದಲಿಸಿದವರು ಆಗಲೇ 8ನೆಯ ನಮೂನೆ ಕೊಡಬೇಕು. ಹದಿನೆಂಟು ತುಂಬಿದ ಮಕ್ಕಳಿಗೆ 6ನೆಯ ನಮೂನೆ. ಈಗ ಜನವರಿ ಒಂದರವರೆಗೆ ಕಾಯಬೇಕಾಗಿಲ್ಲ. ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಕಿಗೆ ವಯಸ್ಸು ತುಂಬಿದವರೂ ಸೇರಬಹುದು. ಹೆಸರು ತಪ್ಪಾಗಿ ಹೋಗಿದ್ದರೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಉಂಟು. ಇಷ್ಟನ್ನೂ ಗಿರಣಿಯ ನೋಟೀಸು ಹಲಗೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಿದವರನ್ನು ನಾನು ಇನ್ನೂ ಕಂಡಿಲ್ಲ.

ಈಗ ಕೂಲಿಯ ವಿಚಾರ. 1951ರ ಪ್ರಜಾಪ್ರತಿನಿಧಿತ್ವ ಕಾಯಿದೆಗೆ 1996ರಲ್ಲಿ ಸೇರಿದ 135-ಬಿ ಕಲಂ ನಮ್ಮವರಲ್ಲಿ ನೂರಕ್ಕೆ ಹತ್ತು ಜನಕ್ಕೂ ಗೊತ್ತಿರಲಾರದೆಂದು ನನ್ನ ಅನುಭವ. ವ್ಯಾಪಾರ, ಕೈಗಾರಿಕೆ, ಬೇರೆ ಯಾವುದೇ ಸಂಸ್ಥೆಯಲ್ಲಿ ದುಡಿಯುವ ಮತದಾರನಿಗೆ ಓಟಿನ ದಿನ ರಜೆ ಕೊಡಬೇಕು. ಆ ರಜೆಗೆ ಸಂಬಳ ಕತ್ತರಿಸಕೂಡದು. ದಿನಗೂಲಿಯವನಿಗೂ ಆ ದಿನದ ಕೂಲಿ ಸಲ್ಲಬೇಕು. ಅವನು ಎದ್ದು ಹೋದರೆ ಅಪಾಯವೋ ಭಾರಿ ನಷ್ಟವೋ ಆಗುವಂಥ ಕೆಲಸದವರನ್ನು ಮಾತ್ರ ಹೊರಗಿಟ್ಟಿದೆ. ತಪ್ಪಿದ ಮಾಲೀಕನಿಗೆ ದಂಡ ಎಷ್ಟು ಗೊತ್ತೇ? ಹೆಚ್ಚೆಂದರೆ ಐನೂರು ರೂಪಾಯಿ. ನೂರು ಜನ ದುಡಿಯುವ ಗಿರಣಿಯ ಧನಿಗೆ ಐನೂರು ರೂಪಾಯಿ ಎಂದರೆ ಆ ದಿನದ ಚಹದ ಖರ್ಚು. ದಂಡವನ್ನು ಆಳೊಬ್ಬನಿಗೆ ಇಷ್ಟು ಎಂದು ಲೆಕ್ಕ ಹಾಕುವಂತೆ ಕಾಯಿದೆ ತಿದ್ದಬೇಕು. ಚುನಾವಣೆಯ ಹಿಂದಿನ ವಾರ ಕಾರ್ಮಿಕ ಇಲಾಖೆಯವರು ಗಿರಣಿ ಗಿರಣಿಗೆ ಹೋಗಿ ರಜೆಯ ನೋಟೀಸು ಅಂಟಿಸಿ ಬರಬೇಕು. ಈಗ ಅವರು ದೂರು ಬರಲಿ ಎಂದು ಕಾಯುತ್ತಾರೆ. ಗುತ್ತಿಗೆಯ ಆಳು ಮೇಸ್ತ್ರಿಯ ಮೇಲೆ ದೂರು ಕೊಟ್ಟು ಮರುದಿನ ಅದೇ ಗೇಟಿಗೆ ಬರಲು ಸಾಧ್ಯವೇ?

ಅಂಗಡಿಕಾರ ಮಿತ್ರರು ಇಲ್ಲಿಯವರೆಗೆ ತಲೆದೂಗಿರಬಹುದು. ಈಗ ನಿಮ್ಮ ಸರದಿ. ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಹುಡುಗ, ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಹುಡುಗಿ, ಹೋಟೆಲಿನ ಸಪ್ಲಯರು, ಇವರೂ ಅದೇ ಕಲಮಿನೊಳಗೆ ಬರುತ್ತಾರೆ. "ಹೋಗಿ ಹಾಕಿ ಬಾ, ಹನ್ನೊಂದಕ್ಕೆ ಬಂದುಬಿಡು" ಎಂಬುದು ರಜೆಯಲ್ಲ. ಆ ಹುಡುಗನ ಓಟು ಪಕ್ಕದ ತಾಲ್ಲೂಕಿನಲ್ಲಿದ್ದರೆ ಹನ್ನೊಂದಕ್ಕೆ ಅವನಿಗೆ ಬಸ್ಸೂ ಸಿಕ್ಕಿರುವುದಿಲ್ಲ. ದೊಡ್ಡ ಗಿರಣಿಯವನಿಗೆ ನಿಯಮ ಹೇಳುವ ನಾವು ನಮ್ಮ ಅಂಗಡಿಯ ಬಾಗಿಲನ್ನು ಒಂದು ದಿನ ಹಾಕಲಾರೆವಾದರೆ ನಮ್ಮ ಮಾತನ್ನು ಯಾರು ಕೇಳುತ್ತಾರೆ?

ಹಾಗೆಂದು ಸಣ್ಣ ವ್ಯಾಪಾರಿಯ ಕಷ್ಟ ನನಗೆ ತಿಳಿಯದ್ದಲ್ಲ. ಚುನಾವಣೆ ಘೋಷಣೆಯಾದ ದಿನದಿಂದ ಐವತ್ತು ಸಾವಿರಕ್ಕೆ ಮೇಲ್ಪಟ್ಟ ನಗದು ಕಾಗದಪತ್ರವಿಲ್ಲದೆ ಸಿಕ್ಕರೆ ಚೆಕ್‌ಪೋಸ್ಟಿನಲ್ಲಿ ಹಿಡಿಯುತ್ತಾರೆ. ಮೆಣಸಿನಕಾಯಿ ಮಾರಿ ಬಂದವನ, ದನದ ಸಂತೆಗೆ ಹೊರಟವನ ಹಣ ಖಜಾನೆಗೆ ಹೋಗಿ ಕೂರುತ್ತದೆ. ಹಿಂದಕ್ಕೆ ಕೊಡಲು ಜಿಲ್ಲೆಯಲ್ಲೊಂದು ಸಮಿತಿ ಉಂಟು, ಆದರೆ ಅದು ಎಲ್ಲಿ ಕೂರುತ್ತದೆ ಎಂದು ಚೆಕ್‌ಪೋಸ್ಟಿನಲ್ಲಿ ಯಾರೂ ಹೇಳುವುದಿಲ್ಲ. ಹಿಡಿದ ಜಾಗದಲ್ಲೇ ರಸೀತಿ, ರಸೀತಿಯಲ್ಲೇ ಸಮಿತಿಯ ವಿಳಾಸ ಇರಬೇಕು. ದೊಡ್ಡ ಹಣ ಚೆಕ್‌ಪೋಸ್ಟಿನ ಮೇಲೆ ಹೋಗುವುದೇ ಇಲ್ಲ. ನಮ್ಮ ರಾಜ್ಯದಲ್ಲಿ ವಿಧಾನಸಭೆಯ ಅಭ್ಯರ್ಥಿಯ ಖರ್ಚಿಗೆ 2022ರಿಂದ ನಲವತ್ತು ಲಕ್ಷದ ಮಿತಿ ಇದೆ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ! ಕೊಟ್ಟವನ ಹೆಸರು ಮುಚ್ಚಿಟ್ಟು ಪಕ್ಷಕ್ಕೆ ಹಣ ಕೊಡುವ ಚುನಾವಣಾ ಬಾಂಡುಗಳು 2018ರಿಂದ ನಡೆದವು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಅವನ್ನು ರದ್ದು ಮಾಡುವವರೆಗೆ ಅದೇ ಕಾನೂನಾಗಿತ್ತು. ಮೊದಲ ಚುನಾವಣೆಯಲ್ಲಿ ಸಾಗರ-ಹೊಸನಗರದಲ್ಲಿ ಶಾಂತವೇರಿ ಗೋಪಾಲಗೌಡರನ್ನು ಗೇಣಿದಾರರು ತಮ್ಮ ಓಟಿನ ಜೊತೆಗೆ ತಮ್ಮ ಕೈಯ ಕಾಸನ್ನೂ ಕೊಟ್ಟು ಗೆಲ್ಲಿಸಿದರೆಂಬ ಮಾತು ಈಗಿನ ಹುಡುಗರಿಗೆ ಕಟ್ಟುಕತೆಯಂತೆ ಕೇಳುತ್ತದೆ.

ಊರು ಬಿಟ್ಟು ಹೋದವರ ಮಾತು ಇನ್ನೂ ಉಳಿದಿದೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬೆಂಗಳೂರಿಗೆ, ಮುಂಬಯಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದವರ ಓಟು ಊರಿನಲ್ಲಿ, ಮೈ ಅಲ್ಲಿ. ಸಿಪಾಯಿಗೆ ಅಂಚೆಯ ಓಟು ಉಂಟು. ಮತಗಟ್ಟೆಗೆ ಹೋದ ಮೇಷ್ಟ್ರಿಗೂ ಉಂಟು, ನಾನೇ ಹಾಕಿದ್ದೇನೆ. 2024ರಲ್ಲಿ ಎಂಬತ್ತೈದು ದಾಟಿದ ಮುದುಕರ ಮನೆ ಬಾಗಿಲಿಗೇ ಮತಪೆಟ್ಟಿಗೆ ಹೋಯಿತು, ಬಹಳ ಒಳ್ಳೆಯದು. ಇಟ್ಟಿಗೆ ಹೊರುವವನಿಗೆ ಮಾತ್ರ ಏನೂ ಇಲ್ಲ. 2023ರ ಜನವರಿಯಲ್ಲಿ ಆಯೋಗವು ಎಪ್ಪತ್ತೆರಡು ಕ್ಷೇತ್ರಗಳ ಓಟನ್ನು ಒಂದೇ ಕಡೆ ಹಾಕಬಲ್ಲ ಯಂತ್ರವೊಂದನ್ನು ಪಕ್ಷಗಳ ಮುಂದಿಟ್ಟಿತು. ದೂರದ ಊರಿನ ಮತಗಟ್ಟೆಯಲ್ಲಿ ಏಜೆಂಟರನ್ನು ಕೂರಿಸುವವರು ಯಾರು, ವಲಸೆಗಾರನೆಂದರೆ ಯಾರು ಎಂದು ಪಕ್ಷಗಳು ಕೇಳಿದವು. ನ್ಯಾಯವಾದ ಪ್ರಶ್ನೆಗಳೇ. ಆದರೆ ಪ್ರಶ್ನೆ ಕೇಳಿದವರು ಎದ್ದು ಮನೆಗೆ ಹೋದರು, ಯಂತ್ರ ಮೂಲೆ ಸೇರಿತು. ಅಂಚೆಯ ಓಟಿನ ಹಕ್ಕನ್ನು ಹೊಸ ವರ್ಗದ ಜನಕ್ಕೆ ಕೊಡಲು 1951ರ ಕಾಯಿದೆಯ 60ನೆಯ ಕಲಮಿನಲ್ಲೇ ಅವಕಾಶವಿದೆ. ಯಂತ್ರ ಬೇಡವಾದರೆ ಕಾಗದವಾದರೂ ಆಗಲಿ; ಕಟ್ಟಡ ಕಾರ್ಮಿಕರಿಂದಲೇ ಮೊದಲಾಗಲಿ.

ಮತಗಟ್ಟೆಯ ಒಳಗಿನ ಕಷ್ಟಗಳು ಇವುಗಳ ಮುಂದೆ ಸಣ್ಣವು: ನೆರಳು, ನೀರು, ಮುದುಕರಿಗೊಂದು ಬೆಂಚು. ಒಂದು ಮತಗಟ್ಟೆಗೆ 1,500ರವರೆಗೆ ಇದ್ದ ಮತದಾರರ ಮಿತಿಯನ್ನು 2025ರಲ್ಲಿ 1,200ಕ್ಕೆ ಇಳಿಸಿದ್ದು ಒಳ್ಳೆಯ ಕೆಲಸ. ಸಂಜೆ ಪಾಳಿ ಮುಗಿಸಿ ಓಡಿ ಬರುವವರು ಒಂದು ಮಾತು ನೆನಪಿಡಿ: ಬಾಗಿಲು ಹಾಕುವ ಹೊತ್ತಿಗೆ ಸಾಲಿನಲ್ಲಿ ನಿಂತಿದ್ದರೆ ನಿಮಗೆ ಚೀಟಿ ಕೊಡಲೇಬೇಕು, ಎಷ್ಟು ಹೊತ್ತಾದರೂ ನಿಮ್ಮ ಓಟು ಹಾಕಿಸಿಯೇ ಬಾಗಿಲು ಹಾಕಬೇಕು. ನಿಮ್ಮ ಓಟನ್ನು ಬೇರೆ ಯಾರೋ ಹಾಕಿಹೋಗಿದ್ದರೆ ಸುಮ್ಮನೆ ಹಿಂದಿರುಗಬೇಡಿ. 'ಟೆಂಡರ್ ಮತ' ಕೇಳಿ; ಕಾಗದದ ಮತಪತ್ರ ಕೊಡುತ್ತಾರೆ, ಲೆಕ್ಕ ಬೇರೆ ಇಡುತ್ತಾರೆ.

ಬರುವ ಭಾನುವಾರದಿಂದ ಪ್ರತಿ ಭಾನುವಾರ ನಮ್ಮ ಪಕ್ಷದ ಕಚೇರಿಯ ಜಗುಲಿಯ ಮೇಲೆ ವಾರ್ಡುವಾರು ಪಟ್ಟಿಗಳನ್ನು ಇಟ್ಟಿರುತ್ತೇವೆ. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಯಾರಾದರೊಬ್ಬರು ಇರುತ್ತಾರೆ, ಯಾವ ಪಾಳಿಯವರಾದರೂ ಬರಬಹುದು, ಯಾವ ಪಕ್ಷದವರಾದರೂ ಬರಬಹುದು. ಬರಲಾಗದವರು 1950 ಎಂಬ ಸಂಖ್ಯೆಗೆ ಫೋನು ಮಾಡಿ ನಿಮ್ಮ ಹೆಸರು ಇದೆಯೋ ಇಲ್ಲವೋ ಕೇಳಿಕೊಳ್ಳಿ. ಬರುವಾಗ ಗುರುತಿನ ಚೀಟಿಯ ಜೊತೆಗೆ ಈಗಿರುವ ಮನೆಯ ಬಾಡಿಗೆ ಕರಾರು ಇಲ್ಲವೇ ಕರೆಂಟು ಬಿಲ್ಲು ತನ್ನಿ. ಮನೆಯ ಹೆಂಗಸರ ಚೀಟಿಗಳನ್ನು ಮರೆಯಬೇಡಿ.